ಸಾಲೋಟಗಿಯ ಶಾಲೆಯೂ ಮನೆಯ ಜಮಾಖರ್ಚೂ

ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನಲ್ಲಿ ಸಾಲೋಟಗಿ ಎಂಬುದೊಂದು ಊರುಂಟು. ಹೆಸರು ಉಚ್ಚರಿಸಿದೊಡನೆ ಕಿವಿಗೆ ಮೊದಲು ಬೀಳುವುದು ‘ಸಾಲ’ ಎಂಬ ಎರಡಕ್ಷರ. ಸಂಸಾರಸ್ಥನಾದವನಿಗೆ ಅದು ಅಷ್ಟೇನೂ ಹಿತವಾದ ಶಬ್ದವಲ್ಲ. ಆದರೆ ಈ ಊರಿನ ಹೆಸರಿನಲ್ಲಿ ಅಡಗಿರುವುದು ಶಾಲೆ. ಸಾವಿರ ವರುಷಗಳ ಹಿಂದಿನ ಶಾಸನದಲ್ಲಿ ಊರಿನ ಹೆಸರು ಪಾವಿಟ್ಟಗೆ ಎಂದಿದೆ. ಅಲ್ಲಿ ಹೆಸರುವಾಸಿಯಾದ ಶಾಲೆಯೊಂದು ನೆಲೆಗೊಂಡುದರಿಂದ ಅದು ಶಾಲಾಪಾವಿಟ್ಟಗೆಯಾಯಿತು. ಜನರ ನಾಲಗೆಯ ಮೇಲೆ ಸವೆದು ಸವೆದು ಸಾಲೋಟಗಿ ಎಂದು ನಿಂತಿತು. ಕೈ ಮತ್ತು ಪಿಡಿ ಎಂಬ ಎರಡು ಶಬ್ದ ಕೂಡಿದಾಗ ಕೈವಿಡಿ ಎಂದಾಗುವುದನ್ನು ಬಲ್ಲವರಿಗೆ ಇಲ್ಲಿಯ ಪಕಾರ ವಕಾರವಾಗಿ ಕರಗಿದುದು ಆಶ್ಚರ್ಯವೆನಿಸದು.

ಆ ಶಾಲೆಯ ವಿಷಯವನ್ನು ತಿಳಿಸುವುದು ಸಾಲೋಟಗಿಯ ಕಂಬದ ಮೇಲಿನ ಶಾಸನ. ಅದರ ಕಾಲ ಶಕವರ್ಷ 867, ಎಂದರೆ ಕ್ರಿ. ಶ. 945. ಆಗ ಮಾನ್ಯಖೇಟದಲ್ಲಿ ಆಳುತ್ತಿದ್ದವನು ರಾಷ್ಟ್ರಕೂಟರ ಮೂರನೆಯ ಕೃಷ್ಣ. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವೇ ಆ ಮಾನ್ಯಖೇಟ. ಕೃಷ್ಣನ ಸಂಧಿವಿಗ್ರಹಿಯಾದ ನಾರಾಯಣನೆಂಬ ಮಂತ್ರಿ ಪಾವಿಟ್ಟಗೆಯಲ್ಲಿ ಶಾಲೆಯನ್ನು ಕಟ್ಟಿಸಿದನು. ಸೂರ್ಯಗ್ರಹಣದ ಪುಣ್ಯಕಾಲದಲ್ಲಿ ಅದಕ್ಕೆ ದತ್ತಿಗಳನ್ನು ಬಿಟ್ಟರು. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬಂದು ಓದುತ್ತಿದ್ದರೆಂದು ಶಾಸನ ಹೇಳುತ್ತದೆ. ಕೀಲ್‌ಹಾರ್ನ್ ಎಂಬ ಜರ್ಮನ್ ಪಂಡಿತರು ‘ಎಪಿಗ್ರಾಫಿಯಾ ಇಂಡಿಕಾ’ದ ನಾಲ್ಕನೆಯ ಸಂಪುಟದಲ್ಲಿ ಇದರ ಸಂಸ್ಕೃತ ಪಾಠವನ್ನು ಅಚ್ಚು ಹಾಕಿಸಿದ ಮೇಲೆ ಚರಿತ್ರೆಕಾರರೆಲ್ಲ ಇದನ್ನು ಪ್ರಾಚೀನ ಕರ್ನಾಟಕದ ವಿದ್ಯಾಭ್ಯಾಸಕ್ಕೆ ದೊಡ್ಡ ಸಾಕ್ಷಿಯೆಂದು ಎತ್ತಿ ಹೇಳುತ್ತ ಬಂದಿದ್ದಾರೆ.

ಅದು ಸರಿಯೆ. ಆದರೆ ಇಂದು ನಾನು ಈ ಶಾಸನವನ್ನು ಬೇರೊಂದು ದೃಷ್ಟಿಯಿಂದ ಓದಬೇಕೆಂದಿದ್ದೇನೆ. ರಾಜನ ಬಿರುದಾವಳಿಯನ್ನು ಬದಿಗಿರಿಸಿ ನೋಡಿದರೆ ಉಳಿಯುವುದು ಒಂದು ಅಚ್ಚುಕಟ್ಟಾದ ಜಮಾಖರ್ಚು. ಮನೆ ನಡೆಸುವವರು, ಮಕ್ಕಳನ್ನು ಓದಿಸುವವರು, ತಿಂಗಳ ಕೊನೆಯ ವಾರವನ್ನು ಹೇಗೆ ದಾಟುವುದೆಂದು ಯೋಚಿಸುವವರು ಅದರಿಂದ ಕಲಿಯುವುದು ಬಹಳವಿದೆ.

ಲೆಕ್ಕವನ್ನು ನೋಡೋಣ. ಶಾಲೆಯ ನಿರ್ವಾಹಕ್ಕೆ 500 ನಿವರ್ತನ ಭೂಮಿ. ದೀಪದ ವೆಚ್ಚಕ್ಕೆ 12 ನಿವರ್ತನ. ಹೂದೋಟಕ್ಕೆ 4 ನಿವರ್ತನ. ಉಪಾಧ್ಯಾಯನ ಜೀವನಕ್ಕೆ 50 ನಿವರ್ತನ, ಜತೆಗೆ ಅವನಿಗೊಂದು ಮನೆ. ವಿದ್ಯಾರ್ಥಿಗಳು ಇರುವುದಕ್ಕೆ 27 ಮನೆಗಳು. ನಿವರ್ತನವೆಂಬುದು ನೆಲದ ಅಳತೆ. ಅದು ಕಾಲದೇಶಗಳಿಗೆ ತಕ್ಕಂತೆ ಹೆಚ್ಚು ಕಡಿಮೆಯಾಗುತ್ತಿತ್ತು. ಎಕರೆಗೆ ಇಳಿಸಿ ನೋಡುವ ಗೋಜು ನಮಗೆ ಬೇಡ. ಒಂದಕ್ಕೊಂದಕ್ಕೆ ಇರುವ ಪ್ರಮಾಣವನ್ನು ಗಮನಿಸಿದರೆ ಸಾಕು. ಹೂದೋಟಕ್ಕೆ ಬಿಟ್ಟುದರ ಮೂರರಷ್ಟು ದೀಪಕ್ಕೆ. ದೀಪಕ್ಕೆ ಬಿಟ್ಟುದರ ನಾಲ್ಕರಷ್ಟಕ್ಕೂ ಮೇಲೆ ಗುರುವಿಗೆ.

ಇದರಲ್ಲಿ ಮೊದಲು ಮೆಚ್ಚಬೇಕಾದುದು ಒಂದೊಂದು ವೆಚ್ಚಕ್ಕೂ ಬೇರೆ ಬೇರೆ ಹೊಲವನ್ನು ಗೊತ್ತುಮಾಡಿದ ಜಾಣತನ. 566 ನಿವರ್ತನವನ್ನು ಒಟ್ಟಿಗೆ ಕೊಟ್ಟು ‘ನಿಮ್ಮ ಇಷ್ಟದಂತೆ ಖರ್ಚು ಮಾಡಿಕೊಳ್ಳಿ’ ಎನ್ನಬಹುದಾಗಿತ್ತು. ಹಾಗೆ ಮಾಡಿದ್ದರೆ ಏನಾಗುತ್ತಿತ್ತೆಂಬುದು ಪ್ರತಿಯೊಬ್ಬ ಗೃಹಿಣಿಗೂ ಗೊತ್ತು. ಮಳೆ ಕೈಕೊಟ್ಟ ವರುಷ ಮೊದಲು ಕಡಿತವಾಗುವುದು ದೀಪದ ಎಣ್ಣೆ. ಊಟ ಬಿಡುವಂತಿಲ್ಲ, ಗುರುವಿನ ಸಂಬಳ ನಿಲ್ಲಿಸುವಂತಿಲ್ಲ. ‘ದೀಪ ತಾನೆ, ಬೇಗ ಮಲಗಲಿ’ ಎನ್ನುವುದು ಸುಲಭ. ದೀಪ ಆರಿದರೆ ರಾತ್ರಿಯ ಓದು ನಿಲ್ಲುತ್ತದೆ. ಓದು ನಿಂತರೆ ಶಾಲೆಯೆಂಬುದು ಉಣ್ಣುವ ಮನೆಯಾಗುತ್ತದೆ. ಆದುದರಿಂದಲೇ ಎಣ್ಣೆಗೆಂದು ಬಿಟ್ಟ ಹೊಲದ ಬೆಳೆ ಎಣ್ಣೆಗೇ ಸಲ್ಲಬೇಕೆಂದು ಕಲ್ಲಿನಲ್ಲಿ ಕೊರೆದರು.

ನಮ್ಮ ಮನೆಗಳಲ್ಲಿಯೂ ಹೀಗೆ ಮೊದಲು ಆರುವ ದೀಪಗಳಿವೆ. ಮಗಳ ಪುಸ್ತಕ, ಮುದುಕರ ಕನ್ನಡಕ, ಹಲ್ಲಿನ ಚಿಕಿತ್ಸೆ, ಸೋರುವ ಮಾಳಿಗೆಯ ದುರಸ್ತಿ, ಇವೆಲ್ಲ ‘ಮುಂದಿನ ತಿಂಗಳು ನೋಡೋಣ’ ಎಂಬ ಪಟ್ಟಿಗೆ ಸೇರಿದವು. ಸಂಬಳ ಬಂದ ದಿನವೇ ಇವಕ್ಕೆ ಹೆಸರಿಟ್ಟು ಬೇರೆ ತೆಗೆದಿಟ್ಟರೆ ಮಾತ್ರ ಉಳಿದಾವು. ಖರ್ಚಾಗಿ ಮಿಕ್ಕಿದ್ದನ್ನು ತೆಗೆದಿಡುವೆನೆಂದರೆ ಮಿಗುವುದೇ ಇಲ್ಲ.

ಇನ್ನು ಶಾಸನದ ಎರಡನೆಯ ಭಾಗ. ಅದು ಮೊದಲಿನದಕ್ಕಿಂತಲೂ ಸ್ವಾರಸ್ಯವಾದುದು. ಊರವರು ತಮ್ಮ ಮನೆಯ ಶುಭಕಾರ್ಯಗಳಲ್ಲಿ ಶಾಲೆಗೆ ಕಾಣಿಕೆ ಕೊಡಬೇಕೆಂದು ಕಟ್ಟು ಮಾಡಿಕೊಂಡರು. ಮದುವೆಯಾದರೆ 5 ನಾಣ್ಯ, ಉಪನಯನವಾದರೆ 2½, ಚೌಲವಾದರೆ, ನಮ್ಮ ಕಡೆಯ ಮಾತಿನಲ್ಲಿ ಜಾವಳವಾದರೆ, 1¼. ಯಾವ ಕಾರಣದಿಂದಲಾದರೂ ಬ್ರಾಹ್ಮಣರಿಗೆ ಊಟ ಹಾಕಿಸಿದರೆ ಶಾಲೆಯ ಪರಿಷತ್ತಿನವರಿಗೂ ಶಕ್ತ್ಯನುಸಾರ ಉಣಬಡಿಸಬೇಕು.

ಐದು, ಅದರ ಅರ್ಧ, ಅರ್ಧದ ಅರ್ಧ. ಒಬ್ಬ ಮಗನ ಜಾವಳದಿಂದ ಲಗ್ನದವರೆಗೆ ಒಂದು ಮನೆ ಕೊಡುವುದು ಒಟ್ಟು 8¾ ನಾಣ್ಯ. ತರಗತಿಯಲ್ಲಿ ಹುಡುಗರಿಗೆ ಈ ಲೆಕ್ಕವನ್ನು ಹಾಕಿಸಿದಾಗ ಯಾರಾದರೊಬ್ಬನು ‘ಸಾರ್, ಜಾತ್ರೆಯಲ್ಲಿ ಏಕೆ ವಸೂಲು ಮಾಡಲಿಲ್ಲ?’ ಎಂದೋ ‘ಸುಗ್ಗಿಯಲ್ಲಿ ಏಕೆ ಕೇಳಲಿಲ್ಲ?’ ಎಂದೋ ಕೇಳುವುದುಂಟು. ಪ್ರಶ್ನೆ ಒಳ್ಳೆಯದು. ಸುಗ್ಗಿಯ ದವಸಕ್ಕೆ ಕಾದು ನಿಂತವರು ಅನೇಕರು. ಕರ ಕೊಡಬೇಕು, ಆಯಗಾರರಿಗೆ ಆಯ ಅಳೆಯಬೇಕು, ಬೀಜಕ್ಕೆ ಎತ್ತಿಡಬೇಕು. ಮದುವೆಯ ದಿನದ ರೀತಿಯೇ ಬೇರೆ. ಆ ದಿನ ಗಂಟು ಬಿಚ್ಚಿರುತ್ತದೆ, ಮನಸ್ಸೂ ಬಿಚ್ಚಿರುತ್ತದೆ. ನೂರು ಕಡೆ ಹೋಗುವ ಹಣದಲ್ಲಿ ಐದು ನಾಣ್ಯ ಶಾಲೆಯ ಕಡೆ ಹರಿದರೆ ಮದುವೆ ಕಳೆಗುಂದುವುದಿಲ್ಲ; ಶಾಲೆಗೆ ಮಾತ್ರ ವರುಷ ವರುಷವೂ ಒರತೆ ಬತ್ತುವುದಿಲ್ಲ. ಕಾರ್ಯ ದೊಡ್ಡದಾದಷ್ಟೂ ಪಾಲು ದೊಡ್ಡದು, ಚಿಕ್ಕದಾದಷ್ಟೂ ಚಿಕ್ಕದು. ಹನಿ ಹನಿಗೂಡಿದರೆ ಹಳ್ಳವೆಂಬ ಗಾದೆಯನ್ನು ನಾವು ಬಾಯಲ್ಲಿ ಹೇಳುತ್ತೇವೆ. ಪಾವಿಟ್ಟಗೆಯವರು ಹನಿ ಎಲ್ಲಿ ಬೀಳುತ್ತದೆಂದು ನೋಡಿ ಅಲ್ಲಿಯೇ ಕೊಡ ಇಟ್ಟರು.

ಊಟದ ಕಟ್ಟಳೆಯಲ್ಲಿಯೂ ಇದೇ ವಿವೇಕವಿದೆ. ಶಾಲೆಗಾಗಿ ಬೇರೆ ಸಂತರ್ಪಣೆ ಮಾಡಿರೆಂದು ಹೇಳಲಿಲ್ಲ. ಹೇಗೂ ಒಲೆ ಹೊತ್ತಿಸಿದ್ದೀರಿ, ಎಸರಿಗೆ ಇನ್ನಷ್ಟು ಅಕ್ಕಿ ಹಾಕಿರಿ ಎಂದರು. ಅದಕ್ಕೂ ‘ಶಕ್ತ್ಯನುಸಾರ’ ಎಂಬ ಮಿತಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದಕ್ಕೆ ಶಾಸನದ ರೂಪ ಇದಕ್ಕಿಂತ ಬೇರೆ ಬೇಕೆ?

ಇಷ್ಟು ಹೊಗಳಿದ ಮೇಲೆ ಕಂಬದ ಮೇಲೆ ಬರೆಯದೆ ಬಿಟ್ಟುದನ್ನೂ ಹೇಳುವುದು ಧರ್ಮ. ಈ ಶಾಲೆ ಒಂದು ವರ್ಗದ ಗಂಡುಮಕ್ಕಳಿಗೆ ಮೀಸಲಾಗಿತ್ತು. 500 ನಿವರ್ತನವನ್ನು ಉತ್ತವರು, ದೀಪದ ಎಣ್ಣೆಗೆ ಎಳ್ಳು ಕುಸುಬೆ ಬೆಳೆದು ಗಾಣಕ್ಕೆ ಹಾಕಿದವರು, ಅವರ ಮಕ್ಕಳು ಆ ದೀಪದ ಬೆಳಕಿನಲ್ಲಿ ಕೂರಲಿಲ್ಲ. ಹೆಣ್ಣುಮಕ್ಕಳ ಹೆಸರಿನಲ್ಲಿ ಒಂದು ಕಾಸೂ ಕಟ್ಟಲಿಲ್ಲ. ಹಣ ಕೂಡಿಸುವ ರೀತಿ ಚೆನ್ನಾಗಿತ್ತು. ಹಂಚುವ ರೀತಿ ಇಕ್ಕಟ್ಟಾಗಿತ್ತು. ಈ ಇಕ್ಕಟ್ಟನ್ನು ಬಿಡಿಸುವುದಕ್ಕೆ ಇದೇ ಜಿಲ್ಲೆ ಒಂಬೈನೂರು ವರುಷಕ್ಕೂ ಮೇಲೆ ಕಾಯಬೇಕಾಯಿತು.

ನಡುವಿನ ಕಾಲವನ್ನೆಲ್ಲ ಇಲ್ಲಿ ಹೇಳಲು ಅವಕಾಶವಿಲ್ಲ. ಶಾಸನ ಹುಟ್ಟಿದ ನಾಲ್ಕು ವರುಷಕ್ಕೆ, 949ರಲ್ಲಿ, ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳರನ್ನು ಗೆದ್ದನು. 972ರಲ್ಲಿ ಮಾಳವದ ಪರಮಾರರು ಮಾನ್ಯಖೇಟವನ್ನೇ ಸೂರೆಗೊಂಡರು. ಸಾಮ್ರಾಜ್ಯ ಅಳಿಯಿತು, ಶಾಲೆಯೂ ಅಳಿಯಿತು. ಶಾಲೆಯ ಹೆಸರು ಮಾತ್ರ ಊರಿಗೆ ಅಂಟಿಕೊಂಡು ಉಳಿಯಿತು.

ಹತ್ತೊಂಬತ್ತನೆಯ ಶತಮಾನಕ್ಕೆ ಬರೋಣ. 1876ರಿಂದ 1878ರವರೆಗಿನ ಬರ ಈ ಸೀಮೆಯನ್ನು ಹಿಂಡಿತು. ಆಗ ಇದಕ್ಕೆ ಕಲಾದಗಿ ಜಿಲ್ಲೆಯೆಂದು ಹೆಸರು. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆ ಏರುವುದರ ಬದಲು ಇಳಿದುಹೋಯಿತು. ಬರಕ್ಕೆ ಮುಂಚೆಯೇ, 1875ರಲ್ಲಿ, ಪುಣೆ ಮತ್ತು ಅಹಮದನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಸರಕಾರ ವಿಚಾರಣೆಗೆ ಒಂದು ಆಯೋಗವನ್ನು ನೇಮಿಸಿತು. ರೈತ ಮದುವೆ ಮುಂಜಿವೆಗಳಲ್ಲಿ ಹಣ ಚೆಲ್ಲಿ ಕೆಡುತ್ತಾನೆ ಎಂಬುದು ಅಂದಿನ ಅಧಿಕಾರಿಗಳ ಬಾಯಲ್ಲಿ ರೂಢಿಯಾಗಿದ್ದ ಮಾತು. ಆಯೋಗ ಲೆಕ್ಕಗಳನ್ನು ನೋಡಿ, ಮದುವೆಯ ಖರ್ಚಿಗೆ ಅಗತ್ಯಕ್ಕಿಂತ ಹೆಚ್ಚು ಪ್ರಾಧಾನ್ಯ ಕೊಡಲಾಗಿದೆ ಎಂದಿತು. ಹೊಟ್ಟೆಗೆ, ಬೀಜಕ್ಕೆ, ಕಂದಾಯಕ್ಕೆ ಮಾಡಿದ ಚಿಕ್ಕ ಚಿಕ್ಕ ಸಾಲಗಳು ಬಡ್ಡಿಗೆ ಬಡ್ಡಿ ಕೂಡಿ ಬೆಟ್ಟವಾಗಿದ್ದವು. 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯಿದೆ ಬಂದಿತು.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಮಿತವ್ಯಯದ ಉಪದೇಶ ಮಾಡುವವರು ಸಾಮಾನ್ಯವಾಗಿ ಬಡವನ ಮದುವೆಯ ಚಪ್ಪರವನ್ನೇ ತೋರಿಸುತ್ತಾರೆ. ಅವನು ಇಡೀ ವರುಷ ದುಡಿದರೂ ಬೀಜಕ್ಕೆ ಕಾಸಿಲ್ಲದ ಸ್ಥಿತಿಯನ್ನು ತೋರಿಸುವವರು ಕಡಿಮೆ. ಬರಿಯ ಉಪದೇಶದಿಂದ ಉಳಿತಾಯ ಹುಟ್ಟದು. ಉಳಿಸಿದ್ದನ್ನು ಇಡಲು ನಂಬಿಕೆಯ ಸ್ಥಳ ಬೇಕು, ಕಷ್ಟಕಾಲದಲ್ಲಿ ಹಿತವಾದ ಬಡ್ಡಿಗೆ ಪಡೆಯಲು ಬಾಗಿಲು ಬೇಕು. 1882ರಲ್ಲಿ ಅಂಚೆಯ ಉಳಿತಾಯ ಬ್ಯಾಂಕು ತೆರೆಯಿತು. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆ ಬಂದಿತು. ಮರುವರುಷವೇ, 1905ರಲ್ಲಿ, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಗ್ರಾಮದ ಪತ್ತಿನ ಸಂಘವನ್ನು ಕಟ್ಟಿದರು. ಆ ಕಾಯಿದೆಯಡಿ ಹುಟ್ಟಿದ ಸಂಘಗಳಲ್ಲಿ ದೇಶಕ್ಕೇ ಮೊದಲನೆಯದೆಂದು ಅದು ಹೆಸರಾಗಿದೆ.

ವಿಜಯಪುರದಲ್ಲಿ ಈ ಕೆಲಸಕ್ಕೆ ಕೈಹಾಕಿದವರು ಫ. ಗು. ಹಳಕಟ್ಟಿಯವರು. ವಚನಗಳ ತಾಡವಾಲೆಗಳನ್ನು ಹುಡುಕಿ ಅಚ್ಚು ಹಾಕಿಸಿ ‘ವಚನ ಪಿತಾಮಹ’ರೆನಿಸಿದ ಅವರು ವೃತ್ತಿಯಿಂದ ವಕೀಲರು. 1910ರಲ್ಲಿ ಜಿಲ್ಲೆಯಲ್ಲಿ ವಿದ್ಯಾವರ್ಧಕ ಸಂಸ್ಥೆಯೊಂದರ ಸ್ಥಾಪನೆಗೆ ಕಾರಣರಾದರು. 1912ರಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕಿಗೆ ತಳಹದಿ ಹಾಕಿದರು. ಮೊದಲು ಶಾಲೆ, ಎರಡು ವರುಷಕ್ಕೆ ಬ್ಯಾಂಕು. ಪಾವಿಟ್ಟಗೆಯ ಕಂಬದ ಮೇಲೆ ಒಟ್ಟಿಗೆ ಕೊರೆದ ಎರಡು ಸಂಗತಿಗಳು, ವಿದ್ಯೆ ಮತ್ತು ಕೂಡಿಟ್ಟ ಹಣ, ಇಲ್ಲಿ ಮತ್ತೆ ಜೊತೆಗೂಡಿದವು. ಈ ಸಲ ಬಾಗಿಲು ಹಿಂದಿಗಿಂತ ಅಗಲವಾಗಿತ್ತು.

ನಾಣ್ಯಕ್ಕಿಂತ ಹಳೆಯದಾದ ಇನ್ನೊಂದು ಉಳಿತಾಯ ನಮ್ಮ ಜೋಳದ ಸೀಮೆಯಲ್ಲಿತ್ತು. ಅದು ಹಗೇವು. ಗಟ್ಟಿಯಾದ ಒಣ ನೆಲದಲ್ಲಿ ಆಳವಾದ ಕುಣಿ ತೋಡಿ, ಸುತ್ತಲೂ ಜೋಳದ ಕಣಿಕೆ ಕಟ್ಟಿ, ಕಾಳು ತುಂಬಿ, ಬಾಯನ್ನು ಮಣ್ಣಿನಿಂದ ಭದ್ರಪಡಿಸುತ್ತಿದ್ದರು. ಒಳಗೆ ಗಾಳಿಯಾಡದೆ ಹುಳು ಸಾಯುತ್ತಿತ್ತು. ಜೋಳ ವರುಷಗಟ್ಟಲೆ ಕೆಡದೆ ಇರುತ್ತಿತ್ತು. ಹಗೇವು ತುಂಬಿದ ಮನೆಗೆ ಬರವೆಂದರೆ ಒಂದು ವರುಷದ ಚಿಂತೆ. ಬರಿದಾದ ಮನೆಗೆ ಅದೇ ಗುಳೆ ಹೋಗುವ ದಾರಿ. ಹಗೇವು ತೆರೆಯುವುದಕ್ಕೂ ಒಂದು ಶಿಸ್ತು ಇತ್ತು. ಬಾಯಿ ಬಿಚ್ಚಿದ ಕೂಡಲೆ ಯಾರೂ ಇಳಿಯಬಾರದು. ಕಾಳು ಉಸಿರಾಡಿ ಬಿಟ್ಟ ಇಂಗಾಲಾಮ್ಲ ತಳದಲ್ಲಿ ನಿಂತು ಮನುಷ್ಯನ ಪ್ರಾಣವನ್ನೇ ತೆಗೆಯುತ್ತದೆ. ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಈಗ ಹಗೇವು ಅಪರೂಪವಾದರೂ ಮುಚ್ಚಿದ ಬಾವಿ, ಮಲದ ಗುಂಡಿಗಳಲ್ಲಿ ಅದೇ ಮೃತ್ಯು ಕಾದಿರುತ್ತದೆ. ಮಲದ ಗುಂಡಿಗೆ ದೀಪದ ಪರೀಕ್ಷೆ ಸಲ್ಲದು. ಅಲ್ಲಿಯ ಅನಿಲಕ್ಕೆ ಬೆಂಕಿ ಹತ್ತೀತು. ಅದರೊಳಗೆ ರಕ್ಷಣೆಯಿಲ್ಲದೆ ಮನುಷ್ಯನನ್ನು ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಯಂತ್ರದ ಬಾಡಿಗೆ ಉಳಿಸಲು ಒಬ್ಬನ ಜೀವವನ್ನು ಪಣಕ್ಕಿಡುವುದು ಯಾವ ಜಮಾಖರ್ಚಿನಲ್ಲಿಯೂ ಉಳಿತಾಯವಲ್ಲ.

ಆರೋಗ್ಯವೂ ಗಂಟೇ. ಉತ್ತರ ಕರ್ನಾಟಕದ ಹಿರಿಯರಿಗೆ ನಾರುಹುಣ್ಣಿನ ನೆನಪು ಇನ್ನೂ ಮಾಸಿಲ್ಲ. ಮೆಟ್ಟಿಲು ಬಾವಿಗೆ ಇಳಿದು ಕಾಲು ಅದ್ದಿ ನೀರು ತುಂಬುತ್ತಿದ್ದ ಕಾಲ ಅದು. ಹುಣ್ಣಾದವನ ಕಾಲಿನಿಂದ ಮರಿಗಳು ನೀರಿಗೆ ಸೇರಿ, ಕಣ್ಣಿಗೆ ಕಾಣದಷ್ಟು ಸಣ್ಣ ನೀರುಚಿಗಟಗಳೊಳಗೆ ಹೊಕ್ಕು, ಆ ನೀರು ಕುಡಿದವರ ಹೊಟ್ಟೆ ಸೇರುತ್ತಿದ್ದವು. ಸುಮಾರು ಒಂದು ವರುಷ ಏನೂ ತಿಳಿಯುತ್ತಿರಲಿಲ್ಲ. ಆಮೇಲೆ ಕಾಲಿನಲ್ಲಿ ಗುಳ್ಳೆಯೆದ್ದು, ಒಡೆದು, ಮೊಳದುದ್ದದ ಹುಳು ದಾರದಂತೆ ಹೊರಬರುತ್ತಿತ್ತು. ದುಡಿಯುವವನು ವಾರಗಟ್ಟಲೆ ನೆಲ ಹಿಡಿದರೆ ಆ ವರುಷದ ಬಿತ್ತನೆಯೂ ನೆಲ ಹಿಡಿದಂತೆಯೆ. ಇದಕ್ಕೆ ಚುಚ್ಚುಮದ್ದಿಲ್ಲ, ಕೊಲ್ಲುವ ಗುಳಿಗೆಯೂ ಇಲ್ಲ. ಎರಡು ಪದರು ಬಟ್ಟೆಯಲ್ಲಿ ನೀರು ಸೋಸುವುದು, ಹುಣ್ಣಾದವರು ಬಾವಿಗೆ ಇಳಿಯದಿರುವುದು, ಮೆಟ್ಟಿಲು ಬಾವಿಯ ಬದಲು ಕೊಳವೆ ಬಾವಿಯ ನೀರು ಬಳಸುವುದು, ಇಂಥ ಸಾದಾ ಉಪಾಯಗಳಿಂದಲೇ ರೋಗ ಓಡಿತು. ದೇಶದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದಲ್ಲಿ ಕಂಡಿತು. 2000ದಲ್ಲಿ ಭಾರತ ಈ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಸಾಲದ ನಡತೆಯೂ ನಾರುಹುಣ್ಣಿನಂತೆಯೇ. ಕುಡಿದ ದಿನ ನೀರು ತಣ್ಣಗಿರುತ್ತದೆ. ಹುಳು ಹೊರಬರುವುದು ಮುಂದಿನ ವರುಷ. ಕಂತಿನ ಮೇಲೆ ತಂದ ವಸ್ತು, ಕೈಗಡ, ಫೋನಿನಲ್ಲಿ ನಿಮಿಷದೊಳಗೆ ಸಿಗುವ ಇಂದಿನ ಸಾಲ, ಎಲ್ಲವನ್ನೂ ಮೊದಲೇ ಸೋಸುವ ಬಟ್ಟೆ ಬೇಕು. ಆ ಬಟ್ಟೆಯ ಎರಡು ಪದರು ಇವು: ಒಟ್ಟು ಎಷ್ಟು ತೀರಿಸಬೇಕಾಗುತ್ತದೆ? ಯಾವ ಹೊಲದ ಬೆಳೆಯಿಂದ, ಎಂದರೆ ಯಾವ ಆದಾಯದಿಂದ, ತೀರಿಸುತ್ತೇವೆ? ಎರಡಕ್ಕೂ ಅಂಕಿಯಲ್ಲಿ ಉತ್ತರ ಬರೆಯಲಾಗದಿದ್ದರೆ ಆ ನೀರು ಕುಡಿಯತಕ್ಕದ್ದಲ್ಲ.

ಕೂಡಿಟ್ಟದ್ದನ್ನು ಎಲ್ಲಿ ಇಡಬೇಕೆಂಬ ವಿಷಯದಲ್ಲಿಯೂ ಎಚ್ಚರ ಬೇಕು. ಸಹಕಾರಿ ಬ್ಯಾಂಕುಗಳೂ ಸೇರಿ ಬ್ಯಾಂಕುಗಳಲ್ಲಿಟ್ಟ ಠೇವಣಿಗೆ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿಯವರೆಗೆ ವಿಮೆ ಇದೆ. 2020ರಲ್ಲಿ ಈ ಮಿತಿಯನ್ನು 1 ಲಕ್ಷದಿಂದ ಏರಿಸಿದರು. ಪತ್ತಿನ ಸಂಘಗಳಲ್ಲಿಟ್ಟ ಹಣಕ್ಕೆ ಈ ವಿಮೆ ಅನ್ವಯಿಸುವುದಿಲ್ಲ. ಒಂದು ಪೈಸೆ ಹೆಚ್ಚಿನ ಬಡ್ಡಿಗಾಗಿ ಇದ್ದುದೆಲ್ಲವನ್ನೂ ಒಂದೇ ಕಡೆ ಸುರಿಯುವ ಮೊದಲು ಈ ಭೇದವನ್ನು ತಿಳಿದಿರಬೇಕು.

ಕಂಬದ ಮೇಲೆ ಹೆಣ್ಣುಮಗುವಿನ ಹೆಸರಿಗೆ ಕಾಸಿರಲಿಲ್ಲವೆಂದೆನಷ್ಟೆ. ಆ ಕೊರತೆಯನ್ನು ತುಂಬುವ ದಾರಿಗಳು ಈಗ ಇವೆ. 2015ರಲ್ಲಿ ಬಂದ ಸುಕನ್ಯಾ ಸಮೃದ್ಧಿ ಖಾತೆಯನ್ನು ಹತ್ತು ವರುಷ ತುಂಬುವ ಮೊದಲು ಮಗಳ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿಯೇ ತೆರೆಯಬಹುದು. ವರುಷಕ್ಕೆ ಕನಿಷ್ಠ 250 ರೂಪಾಯಿ ಕಟ್ಟಿದರೆ ಸಾಕು. ನಮ್ಮ ರಾಜ್ಯದಲ್ಲಿ 2000-01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಗುಂಪುಗಳಲ್ಲಿ ಹಳ್ಳಿಯ ತಾಯಂದಿರು ವಾರವಾರವೂ ಹನಿ ಕೂಡಿಸಿ, ತಮ್ಮತಮ್ಮೊಳಗೆ ಸಾಲ ಕೊಟ್ಟು, ಲೆಕ್ಕದ ಪುಸ್ತಕವನ್ನು ತಾವೇ ಇಡುವುದನ್ನು ಕಲಿತರು. ಪಾವಿಟ್ಟಗೆಯ ಮಹಾಜನರು ಕಂಡಿದ್ದರೆ ಮೆಚ್ಚುತ್ತಿದ್ದರು, ತುಸು ನಾಚಿಕೊಳ್ಳಲೂಬಹುದಾಗಿತ್ತು.

ಹಾಗಾದರೆ ನಮ್ಮ ಮನೆಯಲ್ಲಿ ಮಾಡಬೇಕಾದುದೇನು? ಹಾಲಿನ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಹಾಳೆ ಸಾಕು. ಅದರಲ್ಲಿ ಶಾಸನದ ಕ್ರಮದಲ್ಲಿ ನಾಲ್ಕು ಸಾಲು ಎಳೆಯಿರಿ. ಮೊದಲನೆಯದು ನಿರ್ವಾಹ, ಎರಡನೆಯದು ದೀಪ, ಎಂದರೆ ಓದು, ಮೂರನೆಯದು ದುಡಿಯುವವರ ಆರೋಗ್ಯ, ನಾಲ್ಕನೆಯದು ಹೂದೋಟ. ಈ ನಾಲ್ಕನೆಯದನ್ನು ಬಿಡಬೇಡಿ. ಹಿಂದಿನವರು ನಾಲ್ಕೇ ನಿವರ್ತನವಾದರೂ ಹೂವಿಗೆಂದು ಬಿಟ್ಟರು. ಹಬ್ಬಕ್ಕೊಂದು ಸಿಹಿ, ಮಕ್ಕಳಿಗೊಂದು ಜಾತ್ರೆಯ ಪೀಪಿ, ಮನೆಯಾಕೆಯ ಮುಡಿಗೊಂದು ಮೊಳ ಮಲ್ಲಿಗೆ ಇವಕ್ಕೆ ಎಡೆಯಿಲ್ಲದ ಜಮಾಖರ್ಚು ಮೂರು ತಿಂಗಳಿಗಿಂತ ಹೆಚ್ಚು ಬಾಳುವುದಿಲ್ಲ.

ಮನೆಯಲ್ಲಿ ಜಾವಳವೋ ಗೃಹಪ್ರವೇಶವೋ ಲಗ್ನವೋ ಬಂದಾಗ ಖರ್ಚಿನ ಚೀಟಿಯ ಮೊದಲ ಸಾಲಿನಲ್ಲಿ ಒಂದು ಪಾಲು ಬರೆಯಿರಿ. ನೂರಕ್ಕೆ ಐದಾಗಲಿ, ಎರಡೂವರೆಯಾಗಲಿ, ಒಂದೂಕಾಲಾಗಲಿ. ಅದರಲ್ಲಿ ಅರ್ಧ ನಿಮ್ಮ ಮಕ್ಕಳ ಓದಿಗೆ ಇರಲಿ. ಉಳಿದರ್ಧ ನಿಮ್ಮ ಊರಿನ ಶಾಲೆಗೆ ಹೋಗಲಿ. ಅಲ್ಲಿ ಒಂದು ಕಪಾಟು ಪುಸ್ತಕವಾದೀತು, ನಲ್ಲಿಗೊಂದು ಸೋಸುವ ಯಂತ್ರವಾದೀತು, ಮಾಳಿಗೆಗೆ ನಾಲ್ಕು ದೀಪವಾದೀತು. ಚಪ್ಪರ ಮೂರು ದಿನಕ್ಕೆ ಬಿಚ್ಚುತ್ತದೆ. ಶಾಲೆಗೆ ಕೊಟ್ಟ ದೀಪದ ಕೆಳಗೆ ಆ ವರುಷವೆಲ್ಲ ಯಾರ ಮಗುವೋ ಕೂತು ಓದುತ್ತಿರುತ್ತದೆ.